ನಟಿಯರ ಸನ್ಯಾಸ: ರೋಮಿನಿಂದ ಕನೆಕ್ಟಿಕಟ್‌ವರೆಗೆ

ನಾಲ್ಕನೆಯ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ನಟನೆಯು ಹುಟ್ಟಿನಿಂದಲೇ ಅಂಟಿಕೊಂಡು ಬರುವ ಕಟ್ಟುಪಾಡಾಗಿತ್ತು; ಪುರಜನರ ವಿನೋದಕ್ಕೆ ಕೊರತೆಯಾಗಬಾರದೆಂದು ಪ್ರಭುತ್ವವು ನಟಿಯ ಮಗಳನ್ನು ರಂಗದಿಂದ ಹೊರಹೋಗಗೊಡುತ್ತಿರಲಿಲ್ಲ. ಇತ್ತ ಕ್ರೈಸ್ತ ಧರ್ಮಸಭೆಯು, ನಟರು ವೃತ್ತಿಯಲ್ಲಿರುವವರೆಗೆ ಅವರಿಗೆ ಪರಮಪ್ರಸಾದ ಸಲ್ಲದೆಂದು 314ರ ಆರ್ಲ್ ಸಭೆಯಲ್ಲಿ ವಿಧಿಸಿತ್ತು. ಈ ಇಕ್ಕಟ್ಟಿನಿಂದ ಪಾರಾಗಲು ಇದ್ದ ಒಂದು ದಾರಿಯನ್ನು 371ರ ಸಾಮ್ರಾಟರ ಶಾಸನದಲ್ಲಿ ಕಾಣಬಹುದು: ಸಾವಿನಂಚಿನಲ್ಲಿ ಸಂಸ್ಕಾರ ಪಡೆದ ನಟರು ಬದುಕುಳಿದರೆ ಅವರನ್ನು ಮತ್ತೆ ರಂಗಕ್ಕೆ ಎಳೆಯುವಂತಿಲ್ಲ. ಹೀಗಾಗಿ ಅಂದಿನ ನಟಿಗೆ ಧರ್ಮಜೀವನವು ವೈರಾಗ್ಯವಷ್ಟೇ ಆಗಿರದೆ ಕಾನೂನಿನ ಬಿಡುಗಡೆಯೂ ಆಗಿತ್ತು. ಅಂತಿಯೋಕದ ನಟಿ ಪೆಲಾಜಿಯಾ ಜ್ಞಾನಸ್ನಾನ ಪಡೆದು ಜೆರುಸಲೇಮಿನಲ್ಲಿ ತಪಸ್ವಿನಿಯಾದಳೆಂಬ ಐತಿಹ್ಯವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಬಾರದು.

ಹಳೆಯ ನಿಷೇಧವನ್ನು ಅತಿ ಬಿಗಿಯಾಗಿ ಪಾಲಿಸಿದ್ದು ಫ್ರಾನ್ಸ್. ವೃತ್ತಿಯನ್ನು ತ್ಯಜಿಸುವುದಾಗಿ ಒಪ್ಪಿಕೊಳ್ಳದ ನಟರಿಗೆ ಅಲ್ಲಿ ಅಂತ್ಯಸಂಸ್ಕಾರವೂ ದುರ್ಲಭವಾಗಿತ್ತು. 1673ರಲ್ಲಿ ಮೋಲಿಯೇರನನ್ನು ರಾತ್ರಿಯ ಹೊತ್ತಿನಲ್ಲಿ ಮಣ್ಣುಮಾಡಲಾಯಿತು, 1730ರಲ್ಲಿ ತೀರಿಕೊಂಡ ಪ್ರಖ್ಯಾತ ನಟಿ ಆದ್ರಿಯೆನ್ ಲೆಕುವ್ರೋರ್‌ಗೆ ಚರ್ಚಿನ ಮಸಣದಲ್ಲಿ ಜಾಗವೇ ಸಿಗಲಿಲ್ಲ. ಅದೇ ಕಾಲದ ಕೊಮೆದಿ ಫ್ರಾನ್ಸೇಸ್ ನಟಿ ಗೋತಿಯೇ ಲಿಯೋನ್‌ನ ಕಾರ್ಮೆಲ್ ಮಠ ಸೇರಿದ್ದನ್ನು ಕೇವಲ ಭಕ್ತಿಯ ಕಥೆಯಾಗಿ ನೋಡಿದರೆ ಅರ್ಧ ಮಾತ್ರ ಅರ್ಥವಾದೀತು. ಇನ್ನು ಪ್ಯಾರಿಸ್ಸಿನ ಹಾಸ್ಯನಟಿ ಎವ್ ಲವಾಲಿಯೇರ್ 1917ರಲ್ಲಿ ರಂಗ ತೊರೆದರೂ ಯಾವ ಮಠವೂ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಮನೆಯಲ್ಲಿದ್ದುಕೊಂಡೇ ಸನ್ಯಾಸಿ ಸಂಘವೊಂದರ ನಿಯಮಗಳನ್ನು ಪಾಲಿಸುವ ಗೃಹಸ್ಥ ಶಾಖೆಯಾದ ಫ್ರಾನ್ಸಿಸ್ಕನ್ ತೃತೀಯ ಸಂಘದ ಸದಸ್ಯೆಯಾಗಿ ಆಕೆ 1929ರಲ್ಲಿ ತೀರಿಕೊಂಡಳು.

ಅಮೆರಿಕದ ಡೊಲೊರೆಸ್ ಹಾರ್ಟ್ ಅವರ ವಿಷಯದಲ್ಲಿ ಇಂಥ ಯಾವ ಒತ್ತಡವೂ ಇರಲಿಲ್ಲ ಎಂಬುದೇ ಅವರ ನಿರ್ಧಾರವನ್ನು ಬೇರೆಯಾಗಿಸುತ್ತದೆ. 1957ರಲ್ಲಿ ಎಲ್ವಿಸ್ ಪ್ರೀಸ್ಲಿಯೊಡನೆ ‘ಲವಿಂಗ್ ಯೂ’ ಚಿತ್ರದಲ್ಲಿ ನಟಿಸಿದ ಅವರು, ಬ್ರಾಡ್‌ವೇ ನಾಟಕದ ದಣಿವಾರಿಸಿಕೊಳ್ಳಲು ಕನೆಕ್ಟಿಕಟ್‌ನ ಬೆತ್ಲೆಹೆಮ್ ಊರಿನ ರೆಜಿನಾ ಲಾವ್ದಿಸ್ ಮಠಕ್ಕೆ ಹೋಗತೊಡಗಿದರು, 1961ರ ‘ಫ್ರಾನ್ಸಿಸ್ ಆಫ್ ಅಸ್ಸಿಸಿ’ಯಲ್ಲಿ ಸಂತ ಕ್ಲಾರಾ ಆದರು, 1963ರಲ್ಲಿ, ಮದುವೆಯ ನಿಶ್ಚಯವನ್ನೂ ಮುರಿದು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅದೇ ಮಠವನ್ನು ಸೇರಿದರು. ಆ ಮಠ ಅನುಸರಿಸುವ ಬೆನೆಡಿಕ್ಟಿನ್ ಪದ್ಧತಿಯಲ್ಲಿ ಉಮೇದುವಾರಿಕೆ, ನವದೀಕ್ಷೆ, ತಾತ್ಕಾಲಿಕ ವ್ರತಗಳೆಂಬ ಹಂತಗಳನ್ನು ದಾಟಿದ ಮೇಲೆಯೇ ಒಂದೇ ಮಠದಲ್ಲಿ ನೆಲೆಸುವ ಸ್ಥಿರತೆ, ಜೀವನಪರಿವರ್ತನೆ, ವಿಧೇಯತೆ ಎಂಬ ಆಜೀವ ವ್ರತಗಳು ದೊರೆಯುವುದರಿಂದ, ಅವರು ಪೂರ್ಣ ಸನ್ಯಾಸಿನಿಯಾದದ್ದು 1970ರಲ್ಲಿ.

ರಂಗವು ಮಠದ ಬಾಗಿಲಲ್ಲೇ ಉಳಿಯಲಿಲ್ಲ. ಮಠದ ನೆಲದಲ್ಲಿ ಬಯಲು ರಂಗಮಂದಿರವೊಂದು ಎದ್ದಿತು. ಅದಕ್ಕೆ ಒತ್ತಾಸೆಯಾಗಿದ್ದ ನಟಿ ಪೆಟ್ರೀಷಿಯಾ ನೀಲ್ 2010ರಲ್ಲಿ ತೀರಿಕೊಂಡಾಗ, ಲೆಕುವ್ರೋರ್‌ಗೆ ನಿರಾಕರಿಸಲಾಗಿದ್ದ ಮಣ್ಣು ಆಕೆಗೆ ಆ ಮಠದಲ್ಲೇ ದೊರೆಯಿತು. 2001ರಲ್ಲಿ ಮಠದ ಪ್ರಯೋರೆಸ್ ಆದ, ಅಂದರೆ ಮಠಾಧ್ಯಕ್ಷೆಯ ನಂತರದ ಹೊಣೆ ಹೊತ್ತ ಹಾರ್ಟ್, ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ ಸದಸ್ಯತ್ವವನ್ನು ಬಿಡದೆ, ಮಠದೊಳಗಿನಿಂದಲೇ ಚಿತ್ರಗಳನ್ನು ನೋಡಿ ಮತ ಹಾಕುತ್ತ ಬಂದರು.