ಹೃದಯದ ಸೋಂಕಿನಿಂದ ಹಠಾತ್ ದೃಷ್ಟಿನಾಶ

ಹೃದಯದ ಒಳಪದರಕ್ಕೆ, ಹೆಚ್ಚಾಗಿ ಕವಾಟಗಳಿಗೆ, ರೋಗಾಣು ತಗಲಿ ಬರುವ ಎಂಡೋಕಾರ್ಡೈಟಿಸ್‌ನ ಅಪರೂಪದ, ಆದರೆ ಘೋರ ಪರಿಣಾಮ. ಕವಾಟದ ಮೇಲೆ ಬೆಳೆದ ಸೋಂಕಿನ ಗಡ್ಡೆಯಿಂದ ಚೂರೊಂದು ಕಳಚಿ, ರಕ್ತದಲ್ಲಿ ಸಾಗಿ, ಅಕ್ಷಿಪಟಲದ ಮುಖ್ಯ ಅಪಧಮನಿಯಲ್ಲಿ ಸಿಕ್ಕಿಕೊಂಡರೆ ಆ ಕಣ್ಣು ನೋವಿಲ್ಲದೆ ಥಟ್ಟನೆ ಕತ್ತಲಾಗುತ್ತದೆ. ಪರೀಕ್ಷಿಸಿದಾಗ ಬಿಳಿಚಿದ ಅಕ್ಷಿಪಟಲದ ನಡುವೆ ಕಡುಗೆಂಪು ಚುಕ್ಕೆಯೊಂದು ಎದ್ದು ಕಾಣುತ್ತದೆ. ರೋಗಾಣು ಕಣ್ಣಿನೊಳಗೇ ಬೇರೂರಿದರೆ ನೋವು, ಕೆಂಪು, ಕೀವು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ ಅಪಾಯ ಹೆಚ್ಚು. ರಕ್ತದ ಕಲ್ಚರ್ ಮತ್ತು ಎಕೋ ಪರೀಕ್ಷೆಯಿಂದ ಮೂಲ ತಿಳಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡಬೇಕು. ಚಿಕಿತ್ಸೆ ಜೀವ ಉಳಿಸಿದರೂ ಹೋದ ನೋಟ ಮರಳುವುದು ವಿರಳ. ಬಿಡದ ಜ್ವರದ ಜೊತೆ ಕಣ್ಣು ಮಂಜಾದರೆ ಕನ್ನಡಕದ ಅಂಗಡಿಗಲ್ಲ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.