ಹಳೆಯ ಕರಿಜ್ಮಾನಾ, ಹೊಸ ಸ್ಪೋರ್ಟ್ಸ್ ಬೈಕಾ? ದೂರದ ಸವಾರಿಗೆ ಯಾವುದು ಸೂಕ್ತ, ಇಲ್ಲಿದೆ ಪೂರ್ಣ ಹೋಲಿಕೆ

ಹೀರೋ ಹೋಂಡಾ ಕರಿಜ್ಮಾ ಮಾರುಕಟ್ಟೆಗೆ ಬಂದು ಎರಡು ದಶಕ ದಾಟಿದೆ. ಆದರೂ ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕುವವರ ಪಟ್ಟಿಯಲ್ಲಿ ಅದರ ಹೆಸರು ಇಂದಿಗೂ ಇದೆ. ಮನೆಯ ಮೂಲೆಯಲ್ಲಿ ನಿಂತಿರುವ ಹಳೆಯ ಕರಿಜ್ಮಾವನ್ನು ರಿಪೇರಿ ಮಾಡಿಸಿ ಓಡಿಸೋಣವೇ ಅಥವಾ ಅದನ್ನು ಕೊಟ್ಟು ಹೊಸ ಸ್ಪೋರ್ಟ್ಸ್ ಬೈಕ್ ತರೋಣವೇ ಎಂದು ಯೋಚಿಸುವವರೂ ಕಡಿಮೆಯಿಲ್ಲ. ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಬ್ರೇಕ್, ಬೆನ್ನು ನೋವು, ಪೆಟ್ರೋಲ್, ಆರ್‌ಟಿಒ ದಾಖಲೆ ಎಲ್ಲವೂ ಇದರಲ್ಲಿ ಸೇರಿವೆ. ಹಳೆಯ ಸ್ಪೋರ್ಟ್ಸ್ ಟೂರರ್‌ಗೂ ಇಂದಿನ ಸ್ಪೋರ್ಟ್ಸ್ ಬೈಕ್‌ಗೂ ನಿಜವಾದ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕರಿಜ್ಮಾ ನಡೆದು ಬಂದ ದಾರಿ

ಕರಿಜ್ಮಾ ಬಿಡುಗಡೆಯಾಗಿದ್ದು 2003ರಲ್ಲಿ. 100 ಸಿಸಿ ಬೈಕ್‌ಗಳದ್ದೇ ರಾಜ್ಯಭಾರವಾಗಿದ್ದ ಕಾಲದಲ್ಲಿ 223 ಸಿಸಿ ಎಂಜಿನ್, ಅರ್ಧ ಫೇರಿಂಗ್, 15 ಲೀಟರ್ ಟ್ಯಾಂಕ್ ಹೊತ್ತು ಬಂದ ಬೈಕ್ ಅದು. ಹೃತಿಕ್ ರೋಷನ್ ಜಾಹೀರಾತು ಅದನ್ನು ಕಾಲೇಜು ಹುಡುಗರ ಕನಸಿನ ಬೈಕ್ ಮಾಡಿತು. 2009ರಲ್ಲಿ ಪೂರ್ಣ ಫೇರಿಂಗ್, ಫ್ಯೂಯಲ್ ಇಂಜೆಕ್ಷನ್ ಮತ್ತು ಹಿಂದೆಯೂ ಡಿಸ್ಕ್ ಬ್ರೇಕ್ ಇದ್ದ ಝಡ್‌ಎಂಆರ್ ಬಂತು. ಹೀರೋ ಮತ್ತು ಹೋಂಡಾ ಬೇರೆಯಾದ ಬಳಿಕ, 2014ರಲ್ಲಿ ಹೊಸ ರೂಪದ ಕರಿಜ್ಮಾ ಬಂದರೂ ಮೊದಲಿನ ಜನಪ್ರಿಯತೆ ಮರಳಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬರುವ ಹೊತ್ತಿಗೆ ಹಳೆಯ ಎಂಜಿನ್ ತೆರೆಮರೆಗೆ ಸರಿದಿತ್ತು.

2023ರ ಆಗಸ್ಟ್‌ನಲ್ಲಿ ಕರಿಜ್ಮಾ ಎಕ್ಸ್‌ಎಂಆರ್ ಮೂಲಕ ಹೆಸರಿಗೆ ಮತ್ತೆ ಜೀವ ಬಂತು. ಹೆಸರು ಹಳೆಯದಾದರೂ ಎಂಜಿನ್, ಚಾಸಿ, ಬ್ರೇಕ್ ಎಲ್ಲವೂ ಹೊಸವು. ಹೀಗಾಗಿ ಹಳೆಯದು ಮತ್ತು ಹೊಸದರ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಜೊತೆಗೆ ಯಮಹಾ ಆರ್‌15 ವಿ4 ಬೈಕನ್ನೂ ಇಟ್ಟುಕೊಂಡರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಂಕಿ-ಅಂಶ ಏನು ಹೇಳುತ್ತದೆ?

- ಮೊದಲ ಕರಿಜ್ಮಾ: 223 ಸಿಸಿ, ಏರ್ ಕೂಲ್ಡ್, ಕಾರ್ಬುರೇಟರ್, ಸುಮಾರು 17 ಪಿಎಸ್, 18 ಎನ್‌ಎಂಗಿಂತ ತುಸು ಹೆಚ್ಚು ಟಾರ್ಕ್, 5 ಗೇರ್, 150 ಕೆ.ಜಿ., 15 ಲೀಟರ್ ಟ್ಯಾಂಕ್
- ಕರಿಜ್ಮಾ ಎಕ್ಸ್‌ಎಂಆರ್: 210 ಸಿಸಿ, ಲಿಕ್ವಿಡ್ ಕೂಲ್ಡ್, ಫ್ಯೂಯಲ್ ಇಂಜೆಕ್ಷನ್, 25.5 ಪಿಎಸ್, 20.4 ಎನ್‌ಎಂ, 6 ಗೇರ್, 163.5 ಕೆ.ಜಿ., 11 ಲೀಟರ್ ಟ್ಯಾಂಕ್
- ಯಮಹಾ ಆರ್‌15 ವಿ4: 155 ಸಿಸಿ, ಲಿಕ್ವಿಡ್ ಕೂಲ್ಡ್, ಫ್ಯೂಯಲ್ ಇಂಜೆಕ್ಷನ್, 18.4 ಪಿಎಸ್, 14.2 ಎನ್‌ಎಂ, 6 ಗೇರ್, ಸುಮಾರು 142 ಕೆ.ಜಿ., 11 ಲೀಟರ್ ಟ್ಯಾಂಕ್

ಮೊದಲು ಕಣ್ಣಿಗೆ ಬೀಳುವುದು ಸಿಸಿ ಮತ್ತು ಶಕ್ತಿಯ ಲೆಕ್ಕ. 223 ಸಿಸಿಯಿಂದ ಕರಿಜ್ಮಾ ಹೊರತೆಗೆಯುತ್ತಿದ್ದ ಶಕ್ತಿಯನ್ನು 2008ರಲ್ಲಿ ಬಂದ ಮೊದಲ ಆರ್‌15 ಬರೀ 150 ಸಿಸಿಯಿಂದ ಕೊಟ್ಟಿತು. ಇಂದಿನ ಎಕ್ಸ್‌ಎಂಆರ್ ಹಳೆಯದಕ್ಕಿಂತ ಚಿಕ್ಕ ಎಂಜಿನ್‌ನಿಂದಲೇ ಒಂದೂವರೆ ಪಟ್ಟು ಶಕ್ತಿ ಕೊಡುತ್ತದೆ. ನಾಲ್ಕು ವಾಲ್ವ್, ಲಿಕ್ವಿಡ್ ಕೂಲಿಂಗ್, ಇಂಧನವನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ಇದ್ದುದರಿಂದ ಎಂಜಿನ್ ಹೆಚ್ಚು ವೇಗದಲ್ಲಿ ತಿರುಗಿದರೂ ತಡೆದುಕೊಳ್ಳುತ್ತದೆ. ಹೆಚ್ಚುವರಿ ಶಕ್ತಿ ಬರುವುದು ಅಲ್ಲಿಂದಲೇ.

ಟಾರ್ಕ್ ಯಾವಾಗ ಸಿಗುತ್ತದೆ ಎನ್ನುವುದೇ ಮುಖ್ಯ

ಕಾಗದದ ಮೇಲಿನ ಶಕ್ತಿ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹಳೆಯ ಕರಿಜ್ಮಾದ ಗರಿಷ್ಠ ಟಾರ್ಕ್ 6,000 ಆರ್‌ಪಿಎಂನಲ್ಲಿ ಸಿಗುತ್ತದೆ. ಎಕ್ಸ್‌ಎಂಆರ್‌ನಲ್ಲಿ ಅದು 7,250, ಆರ್‌15ರಲ್ಲಿ 7,500 ಆರ್‌ಪಿಎಂ. ಗರಿಷ್ಠ ಶಕ್ತಿಗಂತೂ ಆರ್‌15 ಎಂಜಿನ್ 10,000 ಆರ್‌ಪಿಎಂ ಮುಟ್ಟಬೇಕು.

ಅಂದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬ್ಯಾಗ್ ಕಟ್ಟಿಕೊಂಡು ಘಾಟ್ ಹತ್ತುವಾಗ ಹಳೆಯ ಕರಿಜ್ಮಾದಲ್ಲಿ ಪದೇಪದೇ ಗೇರ್ ಇಳಿಸುವ ಅಗತ್ಯ ಕಡಿಮೆ. ಆರ್‌15ರಲ್ಲಿ ಅದೇ ಏರನ್ನು ಚುರುಕಾಗಿ ಹತ್ತಬೇಕೆಂದರೆ ಗೇರ್ ಇಳಿಸಿ ಎಂಜಿನ್ ಕೂಗಿಸಲೇಬೇಕು. ಗಂಟೆಗೆ 80-90 ಕಿ.ಮೀ. ವೇಗದಲ್ಲಿ ಇಡೀ ದಿನ ಸಾಗುವವರಿಗೆ ಹಳೆಯ ಬೈಕ್ ಇಷ್ಟವಾಗುವುದು ಇದೇ ಕಾರಣಕ್ಕೆ. ಆದರೆ ಲಾರಿ ಹಿಂದಿಕ್ಕಲು ತಕ್ಷಣ ವೇಗ ಬೇಕಾದಾಗ ಹೊಸ ಬೈಕ್‌ನ ಮುಂದೆ ಹಳೆಯದು ನಿಲ್ಲುವುದಿಲ್ಲ. ತೂಕಕ್ಕೆ ಹೋಲಿಸಿದ ಶಕ್ತಿ ಲೆಕ್ಕ ಹಾಕಿದರೆ, ಪ್ರತಿ 100 ಕೆ.ಜಿ.ಗೆ ಹಳೆಯ ಕರಿಜ್ಮಾಗೆ ಸುಮಾರು 11 ಪಿಎಸ್, ಆರ್‌15ಗೆ ಸುಮಾರು 13, ಎಕ್ಸ್‌ಎಂಆರ್‌ಗೆ 15ಕ್ಕೂ ಹೆಚ್ಚು.

ಕೂರುವ ಭಂಗಿ: ಬೆನ್ನು, ಮಣಿಕಟ್ಟಿನ ಪ್ರಶ್ನೆ

ಸ್ಪೋರ್ಟ್ಸ್ ಟೂರರ್ ಮತ್ತು ಸ್ಪೋರ್ಟ್ಸ್ ಬೈಕ್ ನಡುವಿನ ದೊಡ್ಡ ವ್ಯತ್ಯಾಸ ಎಂಜಿನ್‌ನಲ್ಲಲ್ಲ, ಸವಾರ ಕೂರುವ ರೀತಿಯಲ್ಲಿದೆ. ಕರಿಜ್ಮಾದಲ್ಲಿ ಹ್ಯಾಂಡಲ್ ಎತ್ತರದಲ್ಲಿದೆ, ಸೀಟ್ ಅಗಲವಾಗಿದೆ, ಬೆನ್ನು ಸ್ವಲ್ಪ ಮಾತ್ರ ಮುಂದಕ್ಕೆ ಬಾಗುತ್ತದೆ. ಹಿಂಬದಿ ಸವಾರರಿಗೂ ಸರಿಯಾದ ಜಾಗವಿದೆ.

ಆರ್‌15ನಂಥ ಬೈಕ್‌ಗಳಲ್ಲಿ ಹ್ಯಾಂಡಲ್ ತಗ್ಗಿನಲ್ಲಿದ್ದು ಕಾಲಿಡುವ ಜಾಗ ಹಿಂದಕ್ಕಿರುತ್ತದೆ. ಮೈಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ತಿರುವುಗಳಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ನಗರದ ಟ್ರಾಫಿಕ್‌ನಲ್ಲಿ ಅದೇ ಭಾರ ಮಣಿಕಟ್ಟಿಗೆ, ಕುತ್ತಿಗೆಗೆ ಬರುತ್ತದೆ. ಪುಣೆ, ಹೈದರಾಬಾದ್‌ನಲ್ಲಿ ದಿನಕ್ಕೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಕಳೆಯುವವರು ಶೋರೂಂನಲ್ಲಿ ಐದು ನಿಮಿಷ ಕೂತು ನಿರ್ಧರಿಸಬಾರದು. ಕನಿಷ್ಠ ಅರ್ಧ ಗಂಟೆ ಟೆಸ್ಟ್ ರೈಡ್ ಕೇಳಿ. ಎಕ್ಸ್‌ಎಂಆರ್ ಇವೆರಡರ ನಡುವೆ ನಿಲ್ಲುತ್ತದೆ. ಎತ್ತರ ಹೊಂದಿಸಬಹುದಾದ ವಿಂಡ್‌ಸ್ಕ್ರೀನ್ ಕೂಡ ಇದೆ.

ಟ್ಯಾಂಕ್ ಲೆಕ್ಕ

ಹೊಸ ಬೈಕ್‌ಗಳು ಕಳೆದುಕೊಂಡಿದ್ದು ಟ್ಯಾಂಕ್‌ನ ಗಾತ್ರ. ಲೀಟರ್‌ಗೆ 35 ಕಿ.ಮೀ. ಎಂದಿಟ್ಟುಕೊಂಡರೆ 15 ಲೀಟರ್ ಟ್ಯಾಂಕ್ 525 ಕಿ.ಮೀ. ಸಾಗಿಸುತ್ತದೆ, 11 ಲೀಟರ್ ಟ್ಯಾಂಕ್ 385 ಕಿ.ಮೀ. ಪುಣೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಊರಿಗೆ ಹೊರಟರೆ ಒಂದು ಹುಬ್ಬಳ್ಳಿ ದಾಟುತ್ತದೆ, ಇನ್ನೊಂದು ಬೆಳಗಾವಿ ದಾಟಿದ ಮೇಲೆ ಬಂಕ್ ಹುಡುಕುತ್ತದೆ. ಇಂದು ಹೆದ್ದಾರಿಯಲ್ಲಿ ಬಂಕ್‌ಗಳಿಗೆ ಬರವಿಲ್ಲದ ಕಾರಣ ಇದು ದೊಡ್ಡ ಕೊರತೆಯೇನಲ್ಲ. ಆದರೂ ಟೂರಿಂಗ್ ಎಂಬ ಉದ್ದೇಶ ಹಿಂದೆ ಸರಿದಿದೆ ಎಂಬುದಕ್ಕೆ ಇದು ಗುರುತು.

ಬ್ರೇಕ್: ರಾಜಿ ಬೇಡದ ವಿಷಯ

ಹೋಲಿಕೆಯಲ್ಲಿ ಅತಿ ಗಂಭೀರ ಅಂಶ ಇದು. ಮೊದಲ ಕರಿಜ್ಮಾದಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಎಬಿಎಸ್ ಇಲ್ಲ. ಹಿಂದಿನ ಟೈರ್ 100 ಮಿ.ಮೀ. ಅಗಲದ್ದು. ಹೊಸ ಎಕ್ಸ್‌ಎಂಆರ್ ಮತ್ತು ಆರ್‌15 ಎರಡರಲ್ಲೂ ಎರಡೂ ಚಕ್ರಕ್ಕೆ ಡಿಸ್ಕ್, ಡ್ಯುಯಲ್ ಚಾನೆಲ್ ಎಬಿಎಸ್, 140 ಮಿ.ಮೀ. ಹಿಂದಿನ ಟೈರ್ ಇದೆ.

ಗಾಬರಿಯಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಚಕ್ರ ಲಾಕ್ ಆಗಿ ಜಾರುವುದೇ ಅಪಾಯ. ಮುಂದಿನ ಚಕ್ರ ಲಾಕ್ ಆದರೆ ಬೈಕ್ ಉರುಳುವುದಕ್ಕೆ ಕ್ಷಣ ಸಾಕು. ಎಬಿಎಸ್ ಚಕ್ರದ ವೇಗ ಗಮನಿಸುತ್ತಾ, ಲಾಕ್ ಆಗುವ ಹಂತದಲ್ಲಿ ಬ್ರೇಕ್ ಒತ್ತಡ ಸಡಿಲಿಸಿ ಮತ್ತೆ ಹಾಕುತ್ತದೆ. ಚಕ್ರ ಉರುಳುತ್ತಲೇ ಇರುವುದರಿಂದ ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳುವ ಅವಕಾಶ ಉಳಿಯುತ್ತದೆ. ಮುಂಬೈ ಮಳೆಯಲ್ಲಿ, ಖಂಡಾಲಾ ಘಾಟ್‌ನ ಒದ್ದೆ ರಸ್ತೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಮಾರಾಟದಲ್ಲಿದ್ದ ಎಲ್ಲ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದ್ದು ಸುಮ್ಮನೆ ಅಲ್ಲ.

ಹಳೆಯ ಬೈಕ್‌ಗೆ ಹೊರಗಿನಿಂದ ಎಬಿಎಸ್ ಜೋಡಿಸುವುದು ಪ್ರಾಯೋಗಿಕವಲ್ಲ. ಒಳ್ಳೆಯ ಟೈರ್, ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಹಾಕಿಸಿ, ವೇಗ ತಗ್ಗಿಸಿ, ಅಂತರ ಕಾಯ್ದುಕೊಳ್ಳುವುದೇ ದಾರಿ.

ನಿರ್ವಹಣೆ ಮತ್ತು ಇ20 ಪೆಟ್ರೋಲ್

ಕಾರ್ಬುರೇಟರ್ ಎಂಜಿನ್ ಸರಳ. ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಸ್ವಚ್ಛ ಮಾಡಿ ಕೊಡುತ್ತಾರೆ. ರೇಡಿಯೇಟರ್, ಕೂಲೆಂಟ್, ಸೆನ್ಸರ್‌ಗಳ ಗೋಜಿಲ್ಲ. ಹೊಸ ಬೈಕ್‌ನಲ್ಲಿ ದೋಷ ಪತ್ತೆಗೆ ಸರ್ವಿಸ್ ಸೆಂಟರ್‌ನ ಉಪಕರಣ ಬೇಕಾಗಬಹುದು. ಬಿದ್ದರೆ ಪೂರ್ಣ ಫೇರಿಂಗ್ ಬದಲಿಸುವ ಖರ್ಚೂ ಹೆಚ್ಚು. ಇನ್ನೊಂದೆಡೆ, ಉತ್ಪಾದನೆ ನಿಂತ ಬೈಕ್‌ನ ಫೇರಿಂಗ್, ಹೆಡ್‌ಲೈಟ್, ಮೀಟರ್ ನಿಮ್ಮ ಊರಿನಲ್ಲಿ ಸಿಗುತ್ತವೆಯೇ ಎಂದು ಖರೀದಿಗೂ ಮುನ್ನವೇ ವಿಚಾರಿಸಬೇಕು.

ಇ20 ಪೆಟ್ರೋಲ್ ಮತ್ತೊಂದು ಅಂಶ. 2023ರ ಏಪ್ರಿಲ್‌ನಿಂದ ತಯಾರಾದ ವಾಹನಗಳ ಭಾಗಗಳು ಶೇ.20 ಎಥೆನಾಲ್ ತಡೆದುಕೊಳ್ಳುವಂತಿವೆ. ಹಳೆಯ ಬೈಕ್‌ಗಳಲ್ಲಿ ಇಂಧನ ಪೈಪ್, ಗ್ಯಾಸ್ಕೆಟ್‌ನಂಥ ರಬ್ಬರ್ ಭಾಗಗಳನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ, ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಿ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದಾದರೆ ಕಾರ್ಬುರೇಟರ್‌ನಲ್ಲಿರುವ ಪೆಟ್ರೋಲ್ ಖಾಲಿ ಮಾಡುವುದು ಒಳಿತು.

ಹೊರರಾಜ್ಯದಲ್ಲಿರುವ ಕನ್ನಡಿಗರು ಗಮನಿಸಿ

- ಖಾಸಗಿ ಬೈಕ್‌ನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಗೆ ಒಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2010ರ ಕರಿಜ್ಮಾ ಕೂಡ ಈಗ ಈ ಗಡಿ ದಾಟಿದೆ.
- ದೆಹಲಿ-ಎನ್‌ಸಿಆರ್‌ನಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಬಗ್ಗೆ ಕೋರ್ಟ್ ಆದೇಶಗಳಿವೆ. ಅವು ಬದಲಾಗುತ್ತಾ ಬಂದಿರುವುದರಿಂದ ಹಳೆಯ ಬೈಕ್ ಅಲ್ಲಿಗೆ ಒಯ್ಯುವ ಮುನ್ನ ಸದ್ಯದ ನಿಯಮ ನೋಡಿ.
- ಕೆಎ ನೋಂದಣಿಯ ಬೈಕ್ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಇದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು.
- ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್‌ಗೆ ಪ್ರವೇಶವಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲೂ 2023ರ ಆಗಸ್ಟ್‌ನಿಂದ ನಿಷೇಧವಿದೆ, ಸರ್ವಿಸ್ ರಸ್ತೆ ಬಳಸಬೇಕು. ಎಷ್ಟೇ ವೇಗದ ಬೈಕ್ ಕೊಂಡರೂ ಇದು ಬದಲಾಗದು.

ಹಳೆಯದನ್ನು ಕೊಳ್ಳುವುದಾದರೆ ಇವನ್ನು ನೋಡಿ

1. ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ಸಂಖ್ಯೆ ಬೈಕ್ ಮೇಲಿನ ಸಂಖ್ಯೆಗೆ ಹೊಂದಬೇಕು. ಸಾಲ ಬಾಕಿ, ದಂಡ ಬಾಕಿ ಪರಿಶೀಲಿಸಿ.
2. ತಣ್ಣಗಿರುವ ಎಂಜಿನ್ ಅನ್ನು ನೀವೇ ಸ್ಟಾರ್ಟ್ ಮಾಡಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.
3. ಮುಂದಿನ ಫೋರ್ಕ್‌ನಲ್ಲಿ ಎಣ್ಣೆ ಸೋರಿಕೆ, ಹ್ಯಾಂಡಲ್ ತಿರುಗಿಸುವಾಗ ನಡುವೆ ಸಿಕ್ಕಿಕೊಂಡಂತೆ ಆಗುವುದು, ಚೈನ್-ಸ್ಪ್ರಾಕೆಟ್ ಸವೆತ ನೋಡಿ.
4. ಟೈರ್ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ತಿಳಿಸುತ್ತದೆ. 1218 ಎಂದಿದ್ದರೆ 2018ರ 12ನೇ ವಾರ. ಗುಂಡಿ ಆಳವಾಗಿದ್ದರೂ ಹಳೆಯ ರಬ್ಬರ್ ನಂಬುವಂತಿಲ್ಲ.

ಹಾಗಾದರೆ ಯಾವುದು ಸರಿ?

ನಿಮ್ಮ ಬಳಿ ಈಗಾಗಲೇ ಸುಸ್ಥಿತಿಯ ಕರಿಜ್ಮಾ ಇದ್ದು, ದಾಖಲೆ ಸರಿಯಿದ್ದರೆ, ವಾರಾಂತ್ಯದ ನಿಧಾನ ಸವಾರಿಗೆ ಅದನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ತಿರುವು, ವೇಗ, ಟ್ರ್ಯಾಕ್ ಎಂಬ ಆಸೆಯಿದ್ದವರಿಗೆ ಆರ್‌15ನಂಥ ಬೈಕ್ ಸೂಕ್ತ. ಒಂದೇ ಬೈಕ್‌ನಲ್ಲಿ ಕಚೇರಿಗೂ ಹೋಗಬೇಕು, ಊರಿಗೂ ಹೋಗಬೇಕು ಎನ್ನುವವರಿಗೆ ಎಕ್ಸ್‌ಎಂಆರ್ ಮಾದರಿಯ ಬೈಕ್ ಹತ್ತಿರ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ.28ರಿಂದ ಶೇ.18ಕ್ಕೆ ಇಳಿದಿರುವುದೂ ಹೊಸದರ ಪರವಾಗಿದೆ.

ಆದರೆ ಮೊದಲ ಬಾರಿ ಹೆದ್ದಾರಿಗಿಳಿಯುವ ಮಗನಿಗೋ ಮಗಳಿಗೋ ಬೈಕ್ ಕೊಡಿಸುವಾಗ, ಕಡಿಮೆ ಬೆಲೆಗೆ ಸಿಕ್ಕಿತೆಂದು ಎಬಿಎಸ್ ಇಲ್ಲದ ಹಳೆಯ ಬೈಕ್ ಆರಿಸಬೇಡಿ. ಹಳೆಯ ಕರಿಜ್ಮಾ ಇಂದಿಗೂ ಆರಾಮದ ಬೈಕ್ ಹೌದು, ಆದರೆ ಅದರ ಬ್ರೇಕ್‌ನ ಮಿತಿ ಅರಿತು ಓಡಿಸುವ ಅನುಭವಿಯ ಕೈಯಲ್ಲಿ ಮಾತ್ರ.