ರಾಶಿ, ಚಾಲಿ, ಬೆಟ್ಟೆ: ಬಿಲ್ಲೆಯಾಟದ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರ: ಈ ಮೂರು ಹೆಸರುಗಳು ಪತ್ರಿಕೆಯಲ್ಲಿ ಒಟ್ಟಿಗೆ ಕಾಣುವುದು ಹೆಚ್ಚಾಗಿ ಅಡಿಕೆ ಧಾರಣೆಯ ಪಟ್ಟಿಯಲ್ಲಿ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಚಾಲಿ, ಕೋಕಾ. ಎಲ್ಲ ಹೆಸರೂ ಎಲ್ಲ ಪೇಟೆಯ ಪಟ್ಟಿಯಲ್ಲಿ ದಿನಾ ಇರುವುದಿಲ್ಲ. ಯಲ್ಲಾಪುರದಲ್ಲಿ ಅಪಿ ಎಂಬ ಇನ್ನೊಂದು ಹೆಸರೂ ಸೇರಿಕೊಳ್ಳುತ್ತದೆ. ಮೊಬೈಲಿಗೆ ಬಿಲ್ಲೆ ಹೊಂದಿಸುವ ಆಟವೊಂದನ್ನು ಕಟ್ಟಲು ಹೊರಟಾಗ, ಬಿಲ್ಲೆಗಳ ಮೇಲೆ ಏನಿರಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಈ ಪಟ್ಟಿ. ಹಣ್ಣು, ಮಿಠಾಯಿ, ರತ್ನಗಳನ್ನು ಹೊಂದಿಸುವ ಆಟಗಳು ಸಾಕಷ್ಟಿವೆ. ನಮ್ಮ ಸೀಮೆಯಲ್ಲಿ ಒಂದೇ ಬಗೆಯದನ್ನು ಒಂದೆಡೆ ಸೇರಿಸುವುದು ಆಟವಾಗುವ ಮೊದಲೇ ಹೊಟ್ಟೆಪಾಡಾಗಿತ್ತು.

ಈ ಬಗೆಯ ಆಟಗಳ ಚರಿತ್ರೆ ಅಷ್ಟೇನೂ ಹಳೆಯದಲ್ಲ. ಅಮೆರಿಕದ ಬ್ರಾಡಿ ಲಾಕಾರ್ಡ್ ಜಿಮ್ನಾಸ್ಟಿಕ್ಸ್ ಪಟು. ಅಪಘಾತವೊಂದರಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವನು. ಬಾಯಲ್ಲಿ ಕಡ್ಡಿ ಹಿಡಿದು ಕೀಲಿ ಒತ್ತುತ್ತ, ಚೀನೀ ಮಾಜಾಂಗ್ ಬಿಲ್ಲೆಗಳನ್ನು ಜೋಡಿ ಹುಡುಕಿ ತೆಗೆಯುವ ಆಟವನ್ನು 1981ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರ್ ಜಾಲಕ್ಕೆ ಬರೆದ. 1986ರಲ್ಲಿ ಅದು ಶಾಂಘೈ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಇದರ ನಡುವೆ, 1984ರಲ್ಲಿ, ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಟೆಟ್ರಿಸ್ ರೂಪಿಸಿದ. ಮೇಲಿನಿಂದ ಬೀಳುವ ತುಂಡುಗಳಿಂದ ಸಾಲು ತುಂಬಿದರೆ ಸಾಲು ಮಾಯ. ಮರುವರ್ಷ ಜಪಾನಿನ ಕುನಿಯಾಕಿ ಮೊರಿಬೆಯ ಚೈನ್ ಶಾಟ್ ಬಂತು. ಅಲ್ಲಿ ಒಂದೇ ಬಣ್ಣದವು ಅಕ್ಕಪಕ್ಕ ಇದ್ದರೆ ಅವನ್ನು ತೆಗೆಯಬಹುದು. 1994ರಲ್ಲಿ ರಷ್ಯಾದ ಯೆವ್ಗೆನಿ ಅಲೆಮ್ಜಿನ್‌ನ ಶಾರಿಕಿ, ನೆರೆಯ ಎರಡನ್ನು ಅದಲುಬದಲು ಮಾಡಿ ಮೂರನ್ನು ಸಾಲಾಗಿಸುವ ನಿಯಮ ತಂದಿತು. 2001ರ ಬಿಜ್ಯುವೆಲ್ಡ್, 2012ರ ಕ್ಯಾಂಡಿ ಕ್ರಶ್ ಎರಡೂ ಈ ನಿಯಮದ ಮೇಲೆಯೇ ನಿಂತವು. ಬಿಜ್ಯುವೆಲ್ಡ್‌ನಲ್ಲಿ ಏಳು ಬಗೆಯ ರತ್ನಗಳು; ಮೇಲೆ ಹೆಸರಿಸಿದ ಅಡಿಕೆಯೂ ಏಳು ಬಗೆ. ಇದು ಕಾಕತಾಳೀಯ, ಆದರೆ ನನ್ನ ಕೆಲಸ ಸುಲಭವಾಯಿತು.

ಆಟದ ಒಳಗಿನ ಲೆಕ್ಕ ಸರಳ. ಎಂಟಕ್ಕೆ ಎಂಟರ ಮನೆ, ಅರವತ್ನಾಲ್ಕು ಬಿಲ್ಲೆ. ಪ್ರತಿ ಅದಲುಬದಲಿನ ನಂತರ ಅಡ್ಡಸಾಲು, ಉದ್ದಸಾಲುಗಳನ್ನು ಹುಡುಕಬೇಕು. ಮೂರೋ ಹೆಚ್ಚೋ ಒಂದೇ ಬಗೆಯವು ಸಿಕ್ಕರೆ ತೆಗೆಯಬೇಕು. ಮೇಲಿನವು ಜಾರಬೇಕು, ಖಾಲಿ ಮನೆಗೆ ಹೊಸವು ಬರಬೇಕು, ಹಾಗೆ ಬಿದ್ದದ್ದರಿಂದ ಮತ್ತೆ ಸಾಲು ಕೂಡಿತೇ ಎಂದು ಪುನಃ ನೋಡಬೇಕು. ಎಲ್ಲೂ ನಡೆಯೇ ಉಳಿಯದಿದ್ದರೆ ಬಿಲ್ಲೆಗಳನ್ನು ಕಲಸಬೇಕು. ನಮ್ಮ ಅಳಿಗುಳಿಮನೆಯ ಕೆಲವು ಬಗೆಗಳಲ್ಲೂ ಒಂದು ಗುಳಿಯಲ್ಲಿ ನಾಲ್ಕು ಕಾಳು ಕೂಡಿದರೆ ಎತ್ತಿಕೊಳ್ಳುತ್ತಾರೆ. ಎರಡಕ್ಕೂ ರಕ್ತಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಕೂಡಿದ್ದನ್ನು ಎತ್ತುವ ಖುಷಿ ಮಾತ್ರ ಒಂದೇ.

ಕಟ್ಟಲು ಬಳಸಿದ ಸಲಕರಣೆ ಫ್ಲಟರ್. ಒಮ್ಮೆ ಬರೆದದ್ದು ಎಲ್ಲ ಯಂತ್ರದಲ್ಲೂ ಓಡಬೇಕೆಂಬ ಆಸೆ ಹಳೆಯದು. ನಾರ್ವೆಯ ಕ್ಯೂಟಿ, ಸನ್ ಕಂಪನಿಯ ಜಾವಾ ಎರಡೂ 1995ರಲ್ಲಿ ಅದೇ ಭರವಸೆಯೊಂದಿಗೆ ಹೊರಬಂದವು. ಗೂಗಲ್‌ನ ಫ್ಲಟರ್ 1.0 ಬಂದದ್ದು 2018ರ ಡಿಸೆಂಬರ್ 4ರಂದು. ಫೋನು ಕೊಡುವ ಗುಂಡಿ, ಪಟ್ಟಿಗಳನ್ನು ಎರವಲು ಪಡೆಯದೆ ಪರದೆಯ ಮೇಲಿನ ಪ್ರತಿ ಚುಕ್ಕೆಯನ್ನೂ ತಾನೇ ಬಿಡಿಸುವುದು ಅದರ ವಿಶೇಷ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಬಿಲ್ಲೆ ಒಂದೇ ತರ ಕಾಣುವುದು ಇದರಿಂದಲೇ.

ಆದರೆ ಬಿಲ್ಲೆಯ ಮೇಲೆ ಕನ್ನಡ ಬಂದ ಕೂಡಲೇ ಬೇರೆ ಲೆಕ್ಕ ಶುರು. 'ಬೆಟ್ಟೆ' ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತ: ಬಕಾರ, ಎತ್ವ, ಟಕಾರ, ಹಲಂತ, ಟಕಾರ, ಎತ್ವ. ಬಿಲ್ಲೆ ಮಾಯವಾಗುವಾಗ ಹೆಸರಿನ ಅಕ್ಷರಗಳು ಒಂದೊಂದಾಗಿ ಉದುರಲಿ ಎಂದು ಬರೆದರೆ, ಯಂತ್ರ ಒತ್ತನ್ನು ಕಿತ್ತು ಬೇರೆ, ಎತ್ವವನ್ನು ಕಿತ್ತು ಬೇರೆ ಉದುರಿಸುತ್ತದೆ. ಅಕ್ಷರ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವ ನಿಯಮವನ್ನು ನಾನೇ ಬರೆದು ಸೇರಿಸಬೇಕಾಯಿತು. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿದೆ. ಪಟ್ಟಿಯಲ್ಲಿ ಜಾಗ ಸಿಕ್ಕಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬಣ್ಣದ್ದು. ಹೊಂದಿಸುವ ಆಟದಲ್ಲಿ ಬಿಲ್ಲೆಗಳು ಕ್ಷಣದಲ್ಲಿ ಬೇರೆಬೇರೆಯಾಗಿ ಕಾಣಬೇಕು. ಅದಕ್ಕೇ ರತ್ನಗಳಿಗೆ ಬಣ್ಣವೂ ಬೇರೆ, ಆಕಾರವೂ ಬೇರೆ. ಅಡಿಕೆ ಹಾಗಲ್ಲ. ಎಳೆಯ ಹಸಿರಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ರಾಶಿ, ಬೆಟ್ಟೆಗಳು ಆ ಕಡೆಯವು. ಹಣ್ಣಾದದ್ದನ್ನು ಸಿಪ್ಪೆ ಸಮೇತ ತಿಂಗಳಿಗೂ ಮಿಕ್ಕಿ ಬಿಸಿಲಿಗೆ ಹರವಿ ಸುಲಿದರೆ ಚಾಲಿ. ಕೆಂಪು, ಬಿಳಿ ಎಂದು ಬೇರೆ ಮಾಡುವುದು ಮಗುವಿಗೂ ಗೊತ್ತು. ಕೆಂಪಿನೊಳಗಿನ ಕೆಂಪು, ಬಿಳಿಯೊಳಗಿನ ಬಿಳಿ ಹೇಳಲು ಪಳಗಿದ ಕಣ್ಣು ಬೇಕು. ಫೋಟೋ ತೆಗೆದು ಬಿಲ್ಲೆಗೆ ಅಂಟಿಸಿದರೆ ಏಳು ಬಗೆ ಎರಡಾಗಿ ಕಂಡವು. ಕೊನೆಗೆ ಚಾಲಿಗೆ ಹಳದಿ, ಕೋಕಾಕ್ಕೆ ಬೂದು, ಕೆಂಪುಗೋಟಿಗೆ ಕಡುಕೆಂಪು ಎಂದು ಇಲ್ಲದ ಬಣ್ಣ ಕೊಟ್ಟೆ. ಆಟ ಆಡುವಂತಾಯಿತು.

ನಾನು ಹೀಗೆ ಬದಿಗಿಟ್ಟ ಆ ಸೂಕ್ಷ್ಮದ ಮೇಲೆಯೇ ಇಲ್ಲಿನ ವ್ಯಾಪಾರ ನಿಂತಿದೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ಜನರ ಬಾಯಲ್ಲಿ ಟಿಎಸ್ಎಸ್, ಹುಟ್ಟಿತು. ಬೆಳೆಗಾರ ತನ್ನ ಅಡಿಕೆಯನ್ನು ಸಂಘದ ಅಂಗಳಕ್ಕೆ ತಂದಿಟ್ಟರೆ ವ್ಯಾಪಾರಿಗಳು ರಾಶಿ ನೋಡಿ ಟೆಂಡರ್ ಬರೆಯುತ್ತಾರೆ. ಒಂದು ದರ್ಜೆಯಲ್ಲಿ ಇನ್ನೊಂದು ಬೆರೆತರೆ ದರ ಇಳಿಯುತ್ತದೆ. ಹಾಗಾಗಿ ಆರಿಸಿ ಬೇರೆ ಮಾಡುವುದು ಅಂಗಳಕ್ಕೆ ಬರುವ ಮೊದಲೇ, ಮನೆಯಲ್ಲೇ ಮುಗಿಯಬೇಕು. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಸುಲಿದವರು, ಒಣಗಿದ ಮೇಲೆ ಮೊರದಲ್ಲಿ ಹರಡಿ ಆರಿಸಿದವರು ಬಹುಪಾಲು ಹೆಂಗಸರು. ಧಾರಣೆಯ ಪಟ್ಟಿಯಲ್ಲಿ ದರ್ಜೆಯ ಹೆಸರಿದೆ, ದರವಿದೆ. ಬೇರೆ ಮಾಡಿದ ಕೈಯ ಗುರುತಿಲ್ಲ.

ಈಗ ಸುಲಿಯುವ ಯಂತ್ರ ಬಂದಿದೆ. ಸುಲಿಯುವವರು ಸಿಗದ ಊರಿಗೆ ಅದು ಬೇಕೇ ಬೇಕು, ಬೆನ್ನು ನೋವಿನ ಕೆಲಸವನ್ನು ಯಾರೂ ಹಾಡಿ ಹೊಗಳಬೇಕಿಲ್ಲ. ಆದರೆ ಕೆಲಸ ಹೋದಾಗ ಕೆಲಸದೊಳಗಿನ ತಿಳಿವಳಿಕೆಯೂ ಸದ್ದಿಲ್ಲದೆ ಹೋಗುತ್ತದೆ. ಯಾವುದು ಬೆಟ್ಟೆ, ಯಾವುದು ತಟ್ಟಿಬೆಟ್ಟೆ ಎಂಬುದನ್ನು ಬರೆದಿಟ್ಟವರು ಕಡಿಮೆ. ಪಕ್ಕದಲ್ಲಿ ಕೂತು ಆರಿಸುತ್ತಲೇ ಕಲಿತದ್ದು.

ಅದಕ್ಕಾಗಿ ಆಟದಲ್ಲಿ ಒಂದು ಮಾರ್ಪಾಡು ಮಾಡಿದ್ದೇನೆ. ಮೊದಲ ಹಂತಗಳಲ್ಲಿ ಕಣ್ಣಿಗೆ ಹೊಡೆಯುವ ಬಣ್ಣಗಳಿವೆ. ಹಂತ ಏರಿದಂತೆ ಬಣ್ಣ ಸ್ವಲ್ಪ ಸ್ವಲ್ಪವೇ ನಿಜದ ಅಡಿಕೆಯತ್ತ ಸರಿಯುತ್ತದೆ, ಹೆಸರೂ ಮಸುಕಾಗುತ್ತದೆ. ಕೊನೆಯ ಹಂತದಲ್ಲಿ ಹೆಸರಿಲ್ಲ, ಬರೀ ಅಡಿಕೆ. ಹುಡುಗರು ಅಲ್ಲಿ ಎಡವುತ್ತಾರೆ. ಅಡಿಕೆ ಆರಿಸಿ ಗೊತ್ತಿದ್ದ ಅಜ್ಜಿಯಂದಿರಿಗೆ ಫೋನು ಕೊಟ್ಟರೆ, ಮೊದಲ ಹಂತದಲ್ಲಿ ಚಾಲಿ ಯಾಕೆ ಅರಿಶಿನದ ಹಾಗಿದೆ ಎಂದು ನಗುತ್ತಾರೆ. ಕೊನೆಯ ಹಂತ ಅವರಿಗೆ ಸಲೀಸು.